ಕಣ್ಣಿಗೆ ಕಾಣದ ಸಾಕ್ಷಿಗಳು: ಡೆವೋನಿಯನ್ ಶಿಲಾಸ್ತರಗಳ ಕಾಲನಿರ್ಣಯದ ಕಥೆ

ಶಕವರ್ಷವನ್ನಾಗಲಿ ಅರಸನ ಹೆಸರನ್ನಾಗಲಿ ಹೇಳದ ಶಾಸನವೊಂದು ಸಿಕ್ಕಿತೆಂದರೆ ನಮ್ಮ ಸಂಶೋಧಕರು ಏನು ಮಾಡುತ್ತಾರೆಂಬುದು ಈ ಸಂಚಿಕೆಯ ವಾಚಕರಿಗೆ ಹೊಸದಾಗಿ ತಿಳಿಸತಕ್ಕ ಸಂಗತಿಯಲ್ಲ. ಅವರು ಅಕ್ಷರಗಳ ಮೈಕಟ್ಟನ್ನು ನೋಡುತ್ತಾರೆ. ತಲೆಕಟ್ಟು ಹೇಗಿದೆ, ಮಕಾರ ವಕಾರಗಳು ಎಷ್ಟು ದುಂಡಾಗಿವೆ, ಒತ್ತಕ್ಷರವು ಹೇಗೆ ಕುಳಿತಿದೆ ಎಂಬುದನ್ನೆಲ್ಲ ಕಾಲ ತಿಳಿದಿರುವ ಬೇರೆ ಶಾಸನಗಳೊಡನೆ ಹೋಲಿಸಿ, ಇದು ಇಂಥ ಶತಮಾನದ್ದಿರಬೇಕೆಂದು ನಿರ್ಣಯಿಸುತ್ತಾರೆ. ಕಲ್ಲಿನ ಬಣ್ಣವೂ ಜಾತಿಯೂ ಇಲ್ಲಿ ಲೆಕ್ಕಕ್ಕೆ ಬಾರವು. ನಮ್ಮ ಸೊಲ್ಲಾಪುರ, ಅಕ್ಕಲಕೋಟೆಗಳ ಸೀಮೆಯಲ್ಲಿ ಒಂದೇ ಬಗೆಯ ಕರಿಕಲ್ಲಿನ ಮೇಲೆ ಚಾಲುಕ್ಯರ ಕಾಲದವರೂ ಬರೆಯಿಸಿದ್ದಾರೆ, ಸೇವುಣರ ಕಾಲದವರೂ ಬರೆಯಿಸಿದ್ದಾರೆ. ಕಲ್ಲು ಒಂದೇ ಆದುದರಿಂದ ಕಾಲವೂ ಒಂದೇ ಎಂದು ಯಾರಾದರೂ ವಾದಿಸಿದರೆ ಮಕ್ಕಳೂ ನಕ್ಕಾರು.

ಭೂಗರ್ಭಶಾಸ್ತ್ರವನ್ನು ಕಟ್ಟಿದ ಹಿರಿಯರು ಈ ಸಣ್ಣ ಮಾತನ್ನು ಕಲಿಯಲು ಬಹಳ ಜಗಳವಾಡಬೇಕಾಯಿತು. ಆ ಜಗಳದಿಂದಲೇ ಹುಟ್ಟಿದ ಯುಗಕ್ಕೆ ಡೆವೋನಿಯನ್ ಯುಗವೆಂದು ಹೆಸರು. ಅದು ಸುಮಾರು 42 ಕೋಟಿ ವರ್ಷಗಳ ಹಿಂದೆ ಮೊದಲಾಗಿ ಸುಮಾರು 36 ಕೋಟಿ ವರ್ಷಗಳ ಹಿಂದೆ ಮುಗಿಯಿತೆಂದು ಈಗ ಎಣಿಸುತ್ತಾರೆ. ನಮ್ಮ ನೆಲದಲ್ಲಿ ಅದರ ಒಂದು ಚೂರೂ ಇಲ್ಲ. ನಮ್ಮ ಎರೆಹೊಲಗಳ ಕೆಳಗಿನ ಕರಿಕಲ್ಲು ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಉಕ್ಕಿ ಹರಿದ ಲಾವಾರಸ. ಶಾಲೆಯ ಪಡಸಾಲೆಗೆ ಹಾಸಿರುವ ಶಹಾಬಾದದ ಫರಸಿಯಾದರೋ ಡೆವೋನಿಯನ್ನಿಗಿಂತ ಎಷ್ಟೋ ಹಳೆಯದು.

ಹೀಗಿರಲು ಈ ವಿಷಯಕ್ಕೆ ನಾನೇಕೆ ಕೈಹಾಕಿದೆನೆಂದು ಯಾರಾದರೂ ಕೇಳಬಹುದು. ಅದಕ್ಕೆ ಕಾರಣ ಆ ಫರಸಿಯೇ. ಕೆಲವು ವರ್ಷಗಳ ಹಿಂದೆ ಎಂಟನೆಯ ಇಯತ್ತೆಯ ಹುಡುಗನೊಬ್ಬನು ಒಡೆದ ಫರಸಿಯ ತುಣುಕೊಂದನ್ನು ತಂದು, “ಸರ, ಇದರಾಗ ಗಿಡ ಮೂಡೇತಿ ನೋಡ್ರಿ” ಎಂದನು. ನೋಡಿದರೆ ನಿಜವಾಗಿಯೂ ಕವಲು ಕವಲಾಗಿ ಹರಡಿದ ಕಪ್ಪು ಗಿಡವೇ. ಇದು ಕೋಟ್ಯಂತರ ವರ್ಷಗಳ ಹಿಂದಿನ ಸಸ್ಯದ ಅಚ್ಚು ಎಂದು ನಾನು ಇಡೀ ತರಗತಿಗೆ ತೋರಿಸಿ ವಿವರಿಸಿದೆ. ಮುಂದೆ ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುವ ಸ್ನೇಹಿತರೊಬ್ಬರು ಬಂದಾಗ ಅದನ್ನು ನೋಡಿ, ಗಿಡವೂ ಅಲ್ಲ ಎಲೆಯೂ ಅಲ್ಲ, ಕಲ್ಲಿನ ಬಿರುಕಿನಲ್ಲಿ ಇಳಿದ ನೀರು ಬಿಟ್ಟುಹೋದ ಮ್ಯಾಂಗನೀಸಿನ ಕಲೆ ಎಂದರು. ಮರುದಿನ ತರಗತಿಗೆ ಹೋಗಿ ತಪ್ಪನ್ನು ಒಪ್ಪಿಕೊಂಡೆನಾದರೂ ಮನಸ್ಸಿನಲ್ಲಿ ಒಂದು ಪ್ರಶ್ನೆ ಉಳಿಯಿತು. ಕಲ್ಲಿನ ಸಾಕ್ಷ್ಯವನ್ನು ಬಲ್ಲವರು ಹೇಗೆ ಪರೀಕ್ಷಿಸುತ್ತಾರೆ? ಅದನ್ನು ಹುಡುಕುತ್ತ ಓದಿದ್ದು ಈ ಕಥೆ.

1834ರಲ್ಲಿ ಇಂಗ್ಲೆಂಡಿನ ಡೆವನ್ ಪ್ರಾಂತದ ಶಿಲಾನಕ್ಷೆಯನ್ನು ಸರಕಾರದ ಪರವಾಗಿ ತಯಾರಿಸುತ್ತಿದ್ದ ಹೆನ್ರಿ ಡಿ ಲ ಬೀಚ್ ಎಂಬವರು ಅಲ್ಲಿಯ ಅತಿ ಪ್ರಾಚೀನವೆಂದು ಕಂಡ ಬೂದುಬಣ್ಣದ ಗಟ್ಟಿ ಶಿಲೆಗಳಲ್ಲಿ ಕಲ್ಲಿದ್ದಲಿನ ಕಾಲದ ಸಸ್ಯಗಳ ಅಚ್ಚುಗಳು ದೊರೆತವೆಂದು ಲಂಡನ್ನಿನ ಭೂವಿಜ್ಞಾನ ಸಂಘಕ್ಕೆ ಬರೆದರು. ರಾಡರಿಕ್ ಮರ್ಚಿಸನ್ ಎಂಬ ವಿದ್ವಾಂಸರು ಇದನ್ನು ಒಪ್ಪಲಿಲ್ಲ. ಅಷ್ಟು ಹಳೆಯ ಪದರಗಳಲ್ಲಿ ಅಂಥ ಸಸ್ಯಗಳು ಇರಲಾರವು, ಡಿ ಲ ಬೀಚರು ಹೊಸ ಪದರವನ್ನು ಹಳೆಯದೆಂದು ಭ್ರಮಿಸಿದ್ದಾರೆಂಬುದು ಅವರ ವಾದ. ಇದು ಬರಿಯ ಪಾಂಡಿತ್ಯದ ಪ್ರಶ್ನೆಯಾಗಿರಲಿಲ್ಲ. ಕಲ್ಲಿದ್ದಲು ಯಾವ ಪದರಗಳಲ್ಲಿ ಸಿಕ್ಕೀತು, ಯಾವುದರ ಕೆಳಗೆ ಅಗೆದರೆ ಹಣ ಮಣ್ಣುಪಾಲಾದೀತು ಎಂಬುದು ಇದರ ಮೇಲೆ ನಿಂತಿತ್ತು. ಸರಕಾರದ ಸಂಬಳದ ಮೇಲಿದ್ದ ಡಿ ಲ ಬೀಚರ ಮಾನವೂ ಕೆಲಸವೂ ಇದರ ಮೇಲೆಯೇ ನಿಂತಿದ್ದವು.

ಸೋಜಿಗವೆಂದರೆ, ಆಕ್ಷೇಪ ಎತ್ತಿದಾಗ ಮರ್ಚಿಸನ್ನರು ಆ ಸ್ಥಳವನ್ನು ಕಣ್ಣಾರೆ ಕಂಡಿರಲಿಲ್ಲ. ಡಿ ಲ ಬೀಚರು ಚಿತ್ರ ಬರೆಯುವುದರಲ್ಲಿ ಗಟ್ಟಿಗರು. ಒಂದು ವಿನೋದಚಿತ್ರ ಬರೆದು ಸೇಡು ತೀರಿಸಿಕೊಂಡರು. ಅದರಲ್ಲಿ ಅವರು ತಮ್ಮ ಮೂಗನ್ನು ತಾವೇ ಮುಟ್ಟಿ ತೋರಿಸುತ್ತಿದ್ದಾರೆ. ಎದುರಿಗೆ ನಿಂತ ಪಂಡಿತರು, ನಿಮ್ಮನ್ನು ನೋಡುವ ಮೊದಲೇ ಮೂಗಿಲ್ಲದವರ ಪಟ್ಟಿಯಲ್ಲಿ ಸೇರಿಸಿಬಿಟ್ಟಿದ್ದೇವಾದುದರಿಂದ ನಿಮಗೆ ಮೂಗಿರುವುದು ಸಾಧ್ಯವಿಲ್ಲ ಎನ್ನುತ್ತಿದ್ದಾರೆ! ಕಚೇರಿಗಳಿಗೆ ಕಾಗದ ಹಿಡಿದು ಅಲೆದ ನಮ್ಮಂಥವರಿಗೆ ಈ ಚಿತ್ರದ ರುಚಿ ಚೆನ್ನಾಗಿ ತಿಳಿದೀತು.

ಆದರೆ ಕೊನೆಗೆ ಇಬ್ಬರೂ ಅರ್ಧ ಗೆದ್ದು ಅರ್ಧ ಸೋತರು. 1836ರಲ್ಲಿ ಮರ್ಚಿಸನ್ನರು ಆ್ಯಡಮ್ ಸೆಜ್‌ವಿಕ್ಕರೊಡನೆ ಡೆವನ್ನಿಗೆ ಹೋಗಿ ನೋಡಿದಾಗ ಸಸ್ಯಗಳಿದ್ದ ಪದರಗಳು ಅತಿ ಹಳೆಯವಲ್ಲ, ಉಳಿದವುಗಳ ಮೇಲೆ ದೋಣಿಯ ಹಾಗೆ ಕುಳಿತಿರುವ ಕಲ್ಲಿದ್ದಲಿನ ಕಾಲದವೇ ಎಂದು ಕಂಡಿತು. ಇಲ್ಲಿಗೆ ಮರ್ಚಿಸನ್ನರದು ಸರಿಯಾಯಿತು. ಆದರೆ ಮೇಲಿನ ಪದರಕ್ಕೂ ಕೆಳಗಿನ ಹಳೆಯ ಪದರಕ್ಕೂ ನಡುವೆ ಇರಲೇಬೇಕೆಂದು ಅವರು ಹೇಳಿದ್ದ ದೊಡ್ಡ ಕಾಲದ ಅಂತರವು ಎಲ್ಲಿಯೂ ಕಾಣಲಿಲ್ಲ. ಪದರಗಳು ಒಂದರ ಮೇಲೊಂದು ಎಡೆಬಿಡದೆ ಬಂದಿದ್ದವು. ಹಾಗಾದರೆ ಕೆಳಗಿನವು ಕಲ್ಲಿದ್ದಲಿನ ಯುಗಕ್ಕೆ ತುಸುವೇ ಹಿಂದಿನವಾಗಿರಬೇಕು. ಬ್ರಿಟನ್ನಿನ ಬೇರೆ ಕಡೆ ಆ ಸ್ಥಾನದಲ್ಲಿ ಇರುವುದು ಹಳೆಯ ಕೆಂಪು ಮರಳುಗಲ್ಲು. ಅದರಲ್ಲಿ ವಿಚಿತ್ರ ಮೀನುಗಳ ಅವಶೇಷಗಳಲ್ಲದೆ ಹವಳವೂ ಇಲ್ಲ, ಕಡಲ ಚಿಪ್ಪೂ ಇಲ್ಲ. ಡೆವನ್ನಿನಲ್ಲಾದರೆ ಬೂದು ಸುಣ್ಣಗಲ್ಲು, ಅದರ ತುಂಬ ಹವಳ. ಇವೆರಡೂ ಒಂದೇ ಕಾಲದವೆಂದರೆ ಯಾರು ನಂಬಬೇಕು?

ನಂಬಲು ಧೈರ್ಯಮಾಡಿದವರು ವಿಲಿಯಂ ಲಾನ್ಸ್‌ಡೇಲ್. ಸಂಘದ ಸಂಗ್ರಹಾಲಯವನ್ನು ನೋಡಿಕೊಳ್ಳುತ್ತಿದ್ದ, ಹೆಚ್ಚು ಮಾತನಾಡದ ಮನುಷ್ಯ. ದಕ್ಷಿಣ ಡೆವನ್ನಿನ ಹವಳಗಳನ್ನು ಪರೀಕ್ಷಿಸಿ, ಇವು ಸೈಲೂರಿಯನ್ ಹವಳಗಳಿಗೂ ಕಲ್ಲಿದ್ದಲಿನ ಯುಗದ ಹವಳಗಳಿಗೂ ನಡುವಣವೆಂದು 1837ರಲ್ಲಿ ಅವರು ಸೂಚಿಸಿದರು. ಒಂದೇ ಕಾಲದಲ್ಲಿ ಒಂದು ಕಡೆ ನದಿ ಸರೋವರಗಳ ಕೆಂಪು ಮರಳು ಕೂಡುತ್ತಿದ್ದರೆ ಇನ್ನೊಂದು ಕಡೆ ಕಡಲಿನ ಸುಣ್ಣ ಕೂಡುತ್ತಿರಬಹುದೆಂಬುದು ಇದರ ಅರ್ಥ. ಈ ಸೂಚನೆಯನ್ನು ಹಿಡಿದು 1839ರಲ್ಲಿ ಸೆಜ್‌ವಿಕ್, ಮರ್ಚಿಸನ್ನರು ಡೆವೋನಿಯನ್ ಎಂಬ ಹೆಸರನ್ನು ಇಟ್ಟರು. ಮರುವರ್ಷ ಮರ್ಚಿಸನ್ನರು ರಷ್ಯಾಕ್ಕೆ ಹೋದಾಗ ಕೆಂಪು ಮರಳುಗಲ್ಲಿನ ಮೀನುಗಳೂ ಡೆವನ್ನಿನಂಥ ಚಿಪ್ಪುಗಳೂ ಒಂದೇ ಪದರಗಳಲ್ಲಿ ಕೂಡಿ ಸಿಕ್ಕವು. ಎರಡು ಲಿಪಿಗಳಲ್ಲಿ ಬರೆದ ಒಂದೇ ಶಾಸನ ಸಿಕ್ಕಷ್ಟು ಸಂತೋಷ ಅವರಿಗೆ ಆಗಿರಬೇಕು.

ಹೆಸರೇನೋ ಆಯಿತು, ಆದರೆ ಆರು ಕೋಟಿ ವರ್ಷಗಳ ಯುಗವೆಂದರೆ ಸಣ್ಣದಲ್ಲ. ಅದರೊಳಗೆ ಯಾವ ಪದರ ಮೊದಲು, ಯಾವುದು ಆಮೇಲೆ? ಹವಳಗಳು ಇದ್ದಲ್ಲಿಯೇ ಬೆಳೆಯುವಂಥವು, ಒಂದು ಕಡಲಿನವು ಇನ್ನೊಂದರಲ್ಲಿ ಇರಲಾರವು. ಸುರುಳಿಚಿಪ್ಪಿನ ಗೋನಿಯಟೈಟುಗಳು ಈಜುವ ಪ್ರಾಣಿಗಳಾದುದರಿಂದ ಬಹಳ ಉಪಯೋಗಕ್ಕೆ ಬಂದವು. ಜರ್ಮನಿಯ ವಿದ್ವಾಂಸರು ಅವುಗಳ ಆಧಾರದ ಮೇಲೆಯೇ ಮೇಲಣ ಡೆವೋನಿಯನ್ನನ್ನು ವಿಂಗಡಿಸಿದರು. ಆದರೆ ಅವು ಸಿಕ್ಕರೆ ಸಿಕ್ಕವು, ಇಲ್ಲವಾದರೆ ಇಲ್ಲ. ಎಲ್ಲ ಕಡೆಗೂ ಸಲ್ಲುವ, ಹಿಡಿ ಕಲ್ಲಿನಲ್ಲಿಯೂ ದೊರೆಯುವ ಒಂದು ಸಾಕ್ಷಿ ಬೇಕಾಗಿತ್ತು.

ಅಂಥ ಸಾಕ್ಷಿಯನ್ನು ಲೋಕಕ್ಕೆ ಮೊದಲು ತೋರಿಸಿದವರು ರೀಗಾ ನಗರದಲ್ಲಿ ಹುಟ್ಟಿದ ಕ್ರಿಶ್ಚಿಯನ್ ಪಾಂಡರ್. ಕೋಳಿಮೊಟ್ಟೆಯೊಳಗೆ ಮರಿ ಹೇಗೆ ರೂಪುಗೊಳ್ಳುತ್ತದೆಂಬುದನ್ನು ಯೌವನದಲ್ಲಿಯೇ ಶೋಧಿಸಿ ಹೆಸರಾದವರು ಇವರು. 1856ರಲ್ಲಿ, ಬಾಲ್ಟಿಕ್ ಸೀಮೆಯ ಹಳೆಯ ಪದರಗಳಲ್ಲಿ ಸಿಕ್ಕ ಹೊಳಪುಳ್ಳ ಅತಿ ಸಣ್ಣ ಹಲ್ಲಿನಂಥ ವಸ್ತುಗಳನ್ನು ವರ್ಣಿಸಿ ಅವಕ್ಕೆ ಕೋನೋಡಾಂಟ್, ಎಂದರೆ ಶಂಕುಹಲ್ಲು, ಎಂದು ಹೆಸರಿಟ್ಟರು. ಇವು ಯಾವುದೋ ಮೀನಿನ ಹಲ್ಲುಗಳೆಂದು ಅವರ ಊಹೆ. ಬಹುಪಾಲು ಒಂದು ಮಿಲಿಮೀಟರಿಗಿಂತ ಚಿಕ್ಕವು. ಕೆಲವು ಸೂಜಿಯಂತೆ, ಕೆಲವು ಗರಗಸದಂತೆ, ಕೆಲವು ಎಲೆಯಂತೆ. ಯಾವ ಪ್ರಾಣಿಯವೆಂದು ತಿಳಿಯದೆ ಮುಂದಿನ ನೂರು ವರ್ಷ ಹುಳುವಿನವು, ಬಸವನಹುಳುವಿನವು ಎಂದು ಮುಂತಾಗಿ ಹಲವರು ಹಲವು ಬಗೆಯಾಗಿ ಹೇಳಿದರು. 1934ರಲ್ಲಿ ಜರ್ಮನಿಯ ಷ್ಮಿಟ್, ಅಮೆರಿಕೆಯ ಸ್ಕಾಟ್ ಎಂಬ ಇಬ್ಬರು, ಒಬ್ಬರ ಕೆಲಸ ಇನ್ನೊಬ್ಬರಿಗೆ ತಿಳಿಯದೆ, ಬೇರೆಬೇರೆ ಆಕಾರದ ಹಲ್ಲುಗಳು ಒಂದೇ ಪ್ರಾಣಿಯವೆಂದು ತೋರಿಸಿದರು. ಪ್ರಾಣಿಯೇ ಸಿಕ್ಕಿದ್ದು 1980ರ ದಶಕದಲ್ಲಿ. ಎಡಿನ್‌ಬರೊ ನಗರದ ಬಳಿಯ ಗ್ರ್ಯಾಂಟನ್ನಿನಿಂದ ಎಷ್ಟೋ ಹಿಂದೆ ತಂದು ಸಂಗ್ರಹಾಲಯದ ಖಾನೆಯಲ್ಲಿಟ್ಟು ಮರೆತಿದ್ದ ಕಲ್ಲೊಂದರ ಮೇಲೆ ಸುಮಾರು 4 ಸೆಂಟಿಮೀಟರ್ ಉದ್ದದ, ಹಾವುಮೀನಿನ ಆಕಾರದ ಮೆದುಮೈಯ ಗುರುತೂ ಅದರ ತಲೆಯಲ್ಲಿ ಕೋನೋಡಾಂಟುಗಳೂ ಕಂಡವು. 1983ರಲ್ಲಿ ಬ್ರಿಗ್ಸ್, ಕ್ಲಾರ್ಕ್‌ಸನ್, ಆಲ್‌ಡ್ರಿಜ್ ಎಂಬವರು ಅದನ್ನು ಪ್ರಕಟಿಸಿದರು. ಪಾಂಡರರ ಊಹೆ ದೂರ ಹೋಗಿರಲಿಲ್ಲ.

ಪ್ರಾಣಿ ಯಾವುದೆಂದು ತಿಳಿಯುವ ಮೊದಲೇ ಅದರ ಹಲ್ಲು ಕಾಲವನ್ನು ಹೇಳುವ ಕೆಲಸಕ್ಕೆ ನಿಂತಿತ್ತೆಂಬುದು ಈ ಕಥೆಯ ಸ್ವಾರಸ್ಯ. ಬರೆದವನ ಹೆಸರು ತಿಳಿಯದಿದ್ದರೂ ಬರಹದ ಕಾಲವನ್ನು ಹೇಳಬಹುದಷ್ಟೆ. ಈ ಹಲ್ಲುಗಳು ಎಲುಬಿನಂತೆ ಕ್ಯಾಲ್ಸಿಯಂ ಫಾಸ್ಫೇಟಿನಿಂದ ಆದವು. ಸುಣ್ಣಗಲ್ಲು ಹುಳಿಯಲ್ಲಿ ಕರಗುತ್ತದೆ, ಇವು ಕರಗುವುದಿಲ್ಲ. ಒಂದೆರಡು ಕಿಲೋಗ್ರಾಂ ಕಲ್ಲನ್ನು ಒಡೆದು, ನೂರಕ್ಕೆ ಹತ್ತರಷ್ಟು ಅಸೆಟಿಕ್ ಆಮ್ಲ ಬೆರೆಸಿದ ನೀರಿನ ಬಕೀಟಿನಲ್ಲಿ ಹಾಕಿಟ್ಟರೆ ದಿನಗಳು, ಕೆಲವೊಮ್ಮೆ ವಾರಗಳು ಕಳೆದ ಮೇಲೆ ತಳದಲ್ಲಿ ಕೆಸರು ಉಳಿಯುತ್ತದೆ. ಅದನ್ನು ಸಣ್ಣ ಕಣ್ಣಿನ ಜರಡಿಯಲ್ಲಿ ತೊಳೆದು ಒಣಗಿಸಿ, ಬ್ರೋಮೋಫಾರ್ಮಿನಂಥ ಭಾರವಾದ ದ್ರವದಲ್ಲಿ ಹಾಕಿದರೆ ಮರಳು ತೇಲುತ್ತದೆ, ಹಲ್ಲುಗಳು ಮುಳುಗುತ್ತವೆ. ಆಮೇಲೆ ಸೂಕ್ಷ್ಮದರ್ಶಕದ ಕೆಳಗೆ, ಒದ್ದೆಮಾಡಿದ ಕುಂಚದ ತುದಿಯಿಂದ ಒಂದೊಂದನ್ನೇ ಎತ್ತಿಡಬೇಕು. ಅಕ್ಕಿಯಲ್ಲಿ ಕಲ್ಲು ಆರಿಸುವ ಕೆಲಸಕ್ಕಿಂತ ಹತ್ತು ಪಾಲು ಬೇಸರದ ಕೆಲಸವಿದು. ಆದರೆ ಬರಿಗಣ್ಣಿಗೆ ಬಂಜೆಯಾಗಿ ಕಂಡ ಕಲ್ಲು ಮಾತನಾಡುವುದು ಹೀಗೆಯೇ.

ಈ ಮಾತನ್ನು ಕ್ರಮವಾಗಿ ಬರೆದಿಟ್ಟವರಲ್ಲಿ ಜರ್ಮನಿಯ ವಿಲ್ಲಿ ಜೀಗ್ಲರ್ ಮುಖ್ಯರು. ಮೇಲಣ ಡೆವೋನಿಯನ್ ಸುಣ್ಣಗಲ್ಲುಗಳಿಂದ ಪದರಪದರವಾಗಿ ಮಾದರಿ ತೆಗೆದು, ಪಾಲ್ಮಟೋಲೆಪಿಸ್ ಎಂಬ ಎಲೆಯಾಕಾರದ ಹಲ್ಲಿನ ಕುಲವು ಹೇಗೆ ಹೆಜ್ಜೆಹೆಜ್ಜೆಗೂ ಬದಲಾಯಿತೆಂಬುದನ್ನು ಅವರು 1962ರಲ್ಲಿ ತೋರಿಸಿದರು. ಒಂದು ಜಾತಿ ಕಾಣಿಸಿಕೊಂಡಾಗ ಒಂದು ವಲಯ ತೊಡಗುತ್ತದೆ, ಮುಂದಿನ ಜಾತಿ ಬಂದಾಗ ಇನ್ನೊಂದು. ಇಂಥ ಒಂದೊಂದು ವಲಯವೂ ಕೆಲವು ಲಕ್ಷ ವರ್ಷಗಳಷ್ಟೇ. ಮೂವತ್ತಾರು ಕೋಟಿ ವರ್ಷಗಳ ಆಚೆಗೆ ನೋಡಿ ಕೆಲವು ಲಕ್ಷ ವರ್ಷಗಳ ಭೇದ ಹೇಳುವುದೆಂದರೆ ಸಾಮಾನ್ಯವೇ? ಈ ಪ್ರಾಣಿಗಳು ಈಜುತ್ತ ಕಡಲಿನಿಂದ ಕಡಲಿಗೆ ಹರಡಿದ್ದುದರಿಂದ ಅದೇ ಕ್ರಮವು ಮೊರಾಕ್ಕೊ, ಚೀನಾ, ಆಸ್ಟ್ರೇಲಿಯಾ, ಅಮೆರಿಕೆಗಳಲ್ಲಿಯೂ ಕಂಡುಬಂತು. ಡೆವೋನಿಯನ್ನಿನ ಕೊನೆಯ ಭಾಗದಲ್ಲಿ, ಸುಮಾರು 37 ಕೋಟಿ ವರ್ಷಗಳ ಹಿಂದೆ, ಹವಳದಿಬ್ಬಗಳೂ ಅಸಂಖ್ಯ ಕಡಲಜೀವಿಗಳೂ ಅಳಿದುಹೋದುವಲ್ಲ, ಅದು ಊರೂರಿಗೆ ಬೇರೆಯಾಗಿ ನಡೆದ ಸಾವಲ್ಲ, ಲೋಕಕ್ಕೆಲ್ಲ ಒಮ್ಮೆಗೇ ಬಂದ ಮಾರಿ ಎಂದು ಹೇಳಲು ಸಾಧ್ಯವಾದದ್ದು ಈ ಹಲ್ಲುಗಳ ಲೆಕ್ಕದಿಂದಲೇ.

ಕೆಂಪು ಮರಳುಗಲ್ಲಿಗೆ ಮಾತ್ರ ಈ ಉಪಾಯ ನಡೆಯದು. ನೆಲದ ಮೇಲೆ ಕೋನೋಡಾಂಟ್ ಇರಲಿಲ್ಲ. ಅಲ್ಲಿ ಕೈಹಿಡಿದವು ಸಸ್ಯಗಳ ಬೀಜಕಗಳು. ಅವುಗಳ ಹೊರಗೋಡೆ ಎಷ್ಟು ಗಟ್ಟಿಯೆಂದರೆ ಕಲ್ಲನ್ನೇ ತಿನ್ನುವ ಹೈಡ್ರೊಫ್ಲೋರಿಕ್ ಆಮ್ಲಕ್ಕೂ ಜಗ್ಗದು. ಗಾಳಿ ನೀರುಗಳು ಅವನ್ನು ಕಡಲಿಗೂ ಒಯ್ದು ಸುರಿದುದರಿಂದ ನೆಲದ ಪದರವನ್ನೂ ಕಡಲಿನ ಪದರವನ್ನೂ ಹೊಂದಿಸುವ ದಾರಿ ತೆರೆಯಿತು. ಲಾನ್ಸ್‌ಡೇಲರು ಊಹೆಯಿಂದ ಹೊಲಿದ ಹೊಲಿಗೆಗೆ ಈ ಬೀಜಕಗಳು ಗಟ್ಟಿ ದಾರವಾದವು.

ಗಡಿನಾಡಿನವರಾದ ನಮಗೆ ಇನ್ನೊಂದು ಸಂಗತಿ ವಿಶೇಷವಾಗಿ ರುಚಿಸೀತು. ಯುಗಗಳ ನಡುವಣ ಗಡಿ ಎಲ್ಲಿ? ಸೈಲೂರಿಯನ್ ಎಲ್ಲಿ ಮುಗಿದು ಡೆವೋನಿಯನ್ ಎಲ್ಲಿ ತೊಡಗಿತೆಂಬುದರ ಬಗ್ಗೆ ಒಂದೊಂದು ದೇಶದ್ದು ಒಂದೊಂದು ಲೆಕ್ಕವಾಗಿತ್ತು. ಗ್ರ್ಯಾಪ್ಟೊಲೈಟ್ ಎಂಬ ಕಡಲಜೀವಿ ಇದ್ದರೆ ಸೈಲೂರಿಯನ್, ಇಲ್ಲವಾದರೆ ಡೆವೋನಿಯನ್ ಎಂದು ಬಹುಕಾಲ ನಂಬಿದ್ದರು. ಆ ಜೀವಿಯು ಡೆವೋನಿಯನ್ನಿನಲ್ಲಿಯೂ ಬದುಕಿತ್ತೆಂದು ತಿಳಿದಾಗ ಲೆಕ್ಕವೆಲ್ಲ ಬುಡಮೇಲಾಯಿತು. ಕೊನೆಗೆ 1972ರಲ್ಲಿ ಮಾಂಟ್ರಿಯಲ್ ನಗರದ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಪ್ರಾಗ್ ಪಟ್ಟಣದ ನೈಋತ್ಯಕ್ಕಿರುವ ಕ್ಲಾಂಕ್ ಎಂಬಲ್ಲಿಯ ಬಂಡೆಯೊಂದರ 20ನೆಯ ಪದರದಲ್ಲಿ ಗಡಿಯನ್ನು ಗೊತ್ತುಮಾಡಿದರು. ಮೊನೊಗ್ರ್ಯಾಪ್ಟಸ್ ಯೂನಿಫಾರ್ಮಿಸ್ ಎಂಬ ಗ್ರ್ಯಾಪ್ಟೊಲೈಟ್ ಜಾತಿಯು ಮೊದಲು ಕಾಣುವುದು ಅಲ್ಲಿ. ಇಡೀ ಲೋಕಕ್ಕೆ ಸಲ್ಲುವ ಬಾಂದುಕಲ್ಲನ್ನು ಭೂಮಿಯ ಪದರದಲ್ಲಿ ನೆಟ್ಟದ್ದು ಇದೇ ಮೊದಲು. ಡೆವೋನಿಯನ್ನಿನ ಒಳಗಡಿಗಳಿಗೆ ಮುಂದೆ ಜರ್ಮನಿ, ಮೊರಾಕ್ಕೊ, ಫ್ರಾನ್ಸ್, ಉಜ್ಬೇಕಿಸ್ತಾನಗಳಲ್ಲಿ ಕಲ್ಲು ನೆಟ್ಟಾಗ ಸಾಕ್ಷಿ ನುಡಿದವು ಕೋನೋಡಾಂಟುಗಳು.

ಬಾಂದುಕಲ್ಲು ನೆಟ್ಟ ಮಾತ್ರಕ್ಕೆ ತಕರಾರು ಮುಗಿಯುವುದಿಲ್ಲವೆಂಬುದು ನಮಗೆ ಹೊಸದಲ್ಲ. ಡೆವೋನಿಯನ್ನಿನ ಕೊನೆಯ ಗಡಿಯನ್ನು 1990ರಲ್ಲಿ ದಕ್ಷಿಣ ಫ್ರಾನ್ಸಿನ ಲಾ ಸೇರ್ ಎಂಬಲ್ಲಿ, ಸೈಫೊನೊಡೆಲ್ಲ ಸಲ್ಕಾಟ ಎಂಬ ಕೋನೋಡಾಂಟಿನ ಮೊದಲ ದರ್ಶನವಾಗುವ ಪದರದಲ್ಲಿ ನಿಗದಿಮಾಡಿದರು. ಆಮೇಲೆ ಅದೇ ಸ್ಥಳವನ್ನು ಮತ್ತೆ ಪರೀಕ್ಷಿಸಿದಾಗ ಅದೇ ಜಾತಿಯು ಕಲ್ಲಿನ ಕೆಳಗಿನ ಪದರದಲ್ಲಿಯೂ ಇರುವುದೆಂದು 2009ರಲ್ಲಿ ಪ್ರಕಟವಾಯಿತು. ಗಡಿಯನ್ನು ಹೇಗೆ ಹೊಸದಾಗಿ ಹೇಳಬೇಕೆಂಬ ಚರ್ಚೆ ಮತ್ತೆ ತೊಡಗಿತು. ಇದನ್ನು ಶಾಸ್ತ್ರದ ದೌರ್ಬಲ್ಯವೆಂದು ಹಂಗಿಸುವವರೂ ಇರಬಹುದು. ನನಗಂತೂ ಹಾಗೆ ಕಾಣುವುದಿಲ್ಲ. ಸ್ಥಳ ಯಾವುದು, ಪದರ ಯಾವುದು ಎಂದು ಎಲ್ಲರಿಗೂ ತಿಳಿಯುವಂತೆ ಬರೆದಿಟ್ಟದ್ದರಿಂದಲೇ ಮತ್ತೊಬ್ಬರು ಅಲ್ಲಿಗೆ ಹೋಗಿ ತಪ್ಪನ್ನು ಹಿಡಿಯಲು ಸಾಧ್ಯವಾಯಿತು.

ಸ್ಥಳವನ್ನೇ ಸುಳ್ಳು ಬರೆದರೆ ಏನಾಗುತ್ತದೆಂಬುದಕ್ಕೆ ದುರ್ದೈವದಿಂದ ನಮ್ಮ ದೇಶದಲ್ಲಿಯೇ ಉದಾಹರಣೆ ಇದೆ. ಚಂಡೀಗಢದ ಪಂಜಾಬ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ವಿಶ್ವಜಿತ್ ಗುಪ್ತರು ಸುಮಾರು ಇಪ್ಪತ್ತೈದು ವರ್ಷಗಳ ಕಾಲ ಹಿಮಾಲಯದ ಪಳೆಯುಳಿಕೆಗಳ ಬಗ್ಗೆ ನೂರಾರು ಲೇಖನಗಳನ್ನು ಪ್ರಕಟಿಸಿದ್ದರು. ಹೊರದೇಶದ ಅನೇಕ ವಿದ್ವಾಂಸರು ಸ್ಥಳವನ್ನು ನೋಡದೆಯೇ ಅವುಗಳಲ್ಲಿ ಜೊತೆಗಾರರಾಗಿದ್ದರು. ಆಸ್ಟ್ರೇಲಿಯಾದ ಮೆಕ್ವಾರಿ ವಿಶ್ವವಿದ್ಯಾಲಯದ ಜಾನ್ ಟ್ಯಾಲೆಂಟ್ ಎಂಬವರಿಗೆ ಸಂಶಯ ಬಂತು. ಹಿಮಾಲಯದಲ್ಲಿ ಒಂದಕ್ಕೊಂದು ಬಹು ದೂರದ ಸ್ಥಳಗಳಿಂದ ಬಂದವೆಂದು ಹೇಳಿದ ಡೆವೋನಿಯನ್ ಕೋನೋಡಾಂಟುಗಳೆಲ್ಲ ಒಂದೇ ತೆರನಾಗಿದ್ದವು; ಅಷ್ಟೇ ಅಲ್ಲ, ಅಮೆರಿಕೆಯ ನ್ಯೂಯಾರ್ಕ್ ಸಂಸ್ಥಾನದ ಆ್ಯಮ್ಸ್‌ಡೆಲ್ ಕ್ರೀಕ್ ಎಂಬಲ್ಲಿ ಸಿಗುವ ಕೋನೋಡಾಂಟುಗಳನ್ನೇ ಹೋಲುತ್ತಿದ್ದವು. ಹಿಮಾಲಯದ್ದೆಂದ ಸುರುಳಿಚಿಪ್ಪುಗಳು ಮೊರಾಕ್ಕೊದಿಂದ ಬಂದು ಅಂಗಡಿಗಳಲ್ಲಿ ಮಾರುವ ಚಿಪ್ಪುಗಳಂತಿದ್ದವು. 1987ರಲ್ಲಿ ಕೆನಡದ ಕ್ಯಾಲ್ಗರಿಯಲ್ಲಿ ನಡೆದ ಡೆವೋನಿಯನ್ ಸಮ್ಮೇಳನದಲ್ಲಿ ಟ್ಯಾಲೆಂಟರು ಇದನ್ನು ಎತ್ತಿದರು. 1989ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವಿವರವಾಗಿ ಬರೆದರು. ಗುಪ್ತರು ಆರೋಪಗಳನ್ನು ಅಲ್ಲಗಳೆದರು. ಆದರೆ ವಿಶ್ವವಿದ್ಯಾಲಯವು ನಿವೃತ್ತ ನ್ಯಾಯಾಧೀಶರೊಬ್ಬರಿಂದ ಮಾಡಿಸಿದ ವಿಚಾರಣೆಯಲ್ಲಿಯೂ ಅವು ನಿಜವೆಂದೇ ತೀರ್ಮಾನವಾಯಿತು.

ಇಲ್ಲಿ ಹಲ್ಲುಗಳು ಸುಳ್ಳು ಹೇಳಿರಲಿಲ್ಲ. ಅವು ನಿಜವಾಗಿಯೂ ಡೆವೋನಿಯನ್ ಕಾಲದವೇ. ಸುಳ್ಳಾದದ್ದು ಅವುಗಳ ಜೊತೆಗಿದ್ದ ಚೀಟಿ. ಎಲ್ಲಿಂದಲೋ ಕಿತ್ತು ತಂದು ಇನ್ನೆಲ್ಲಿಯೋ ನಿಲ್ಲಿಸಿದ ವೀರಗಲ್ಲಿನ ಅಕ್ಷರಗಳು ಹಳೆಯವೇ ಆಗಿರುತ್ತವೆ, ಆದರೆ ಅದನ್ನು ನಂಬಿ ಈ ಊರಿನ ಇತಿಹಾಸ ಬರೆದರೆ ಆ ಇತಿಹಾಸವೇ ಹುಸಿ. ಹಿಮಾಲಯದ ಪದರಗಳ ಬಗ್ಗೆ ಬರೆದ ಎಷ್ಟೋ ಮಾತನ್ನು ಮತ್ತೆ ಮೊದಲಿನಿಂದ ಒರೆಗೆ ಹಚ್ಚಬೇಕಾಯಿತು. ಪ್ರಾಮಾಣಿಕವಾಗಿ ದುಡಿದ ಉಳಿದ ಭಾರತೀಯ ಸಂಶೋಧಕರ ಮೇಲೂ ಅದರ ನೆರಳು ಬಿದ್ದಿತು. ನನಗೆ ಹೆಚ್ಚು ನೋವಾದದ್ದು ಇದರಿಂದ.

ಚೀಟಿಯನ್ನು ಪರೀಕ್ಷಿಸಲು ಹಲ್ಲಿನ ಬಣ್ಣವೂ ನೆರವಾಗಬಲ್ಲುದು. ಹದವಾಗಿ ಉಳಿದ ಕೋನೋಡಾಂಟಿನದು ತಿಳಿ ಹಳದಿ. ಪದರವು ಭೂಮಿಯೊಳಗೆ ಹೂತು ಬಿಸಿಯಾದಂತೆ ಅದು ಕಂದಾಗಿ, ಸುಮಾರು 300 ಡಿಗ್ರಿ ಸೆಂಟಿಗ್ರೇಡಿನ ಸುಮಾರಿಗೆ ಕಪ್ಪಾಗುತ್ತದೆ. ಅಮೆರಿಕೆಯ ಅನಿತಾ ಎಪ್‌ಸ್ಟೈನ್ ಮತ್ತು ಸಂಗಡಿಗರು 1977ರಲ್ಲಿ ಇದನ್ನು ಅಳತೆಗೆ ತಂದರು. ಖನಿಜತೈಲವು ಎಲ್ಲಿ ಉಳಿದೀತು, ಎಲ್ಲಿ ಬೆಂದುಹೋಗಿದ್ದೀತು ಎಂದು ತಿಳಿಯಲು ತೈಲಶೋಧಕರಿಗೆ ಇದು ಬಹಳ ಉಪಯೋಗವಾಯಿತು. ಕಾಲವನ್ನು ಹೇಳುವ ಹಲ್ಲು ತಾನು ಅನುಭವಿಸಿದ ಕಾವನ್ನೂ ಹೇಳುತ್ತದೆ.

ಇನ್ನು ಹಿಮಾಲಯದ ನಿಜವಾದ ಡೆವೋನಿಯನ್ ಯಾವುದು? ಹಿಮಾಚಲದ ಸ್ಪಿತಿ ಸೀಮೆಯ ಪಿನ್ ಕಣಿವೆಯಲ್ಲಿ ಮೂಥ್ ಎಂಬ ಹಳ್ಳಿ ಇದೆ. ಅಲ್ಲಿಯ ಬಿಳಿಯ ಗಟ್ಟಿಕಲ್ಲಿಗೆ ಆ ಹಳ್ಳಿಯ ಹೆಸರನ್ನು 1865ರಲ್ಲಿ ಸ್ಟೋಲಿಚ್ಕ ಎಂಬ ವಿದ್ವಾಂಸರು ಇಟ್ಟರು. ಮರಳಿನಿಂದಾದ ಆ ಕಲ್ಲಿನಲ್ಲಿ ದಂಡೆಯ ಮೇಲೆ ಹರಿದಾಡಿದ ಕೀಲುಗಾಲಿನ ಪ್ರಾಣಿಗಳ ಹೆಜ್ಜೆಗುರುತುಗಳಿವೆ. ಅದರ ಮೇಲೆ ಸುಣ್ಣಗಲ್ಲು ಬೆರೆತ ಲಿಪಾಕ್ ಪದರಗಳು. 2002ರಲ್ಲಿ ಡ್ರಾಗಾನಿಟ್ಸ್ ಮತ್ತು ಸಂಗಡಿಗರು ಪಿನ್ ಕಣಿವೆಯ ಲಿಪಾಕ್ ಸುಣ್ಣಗಲ್ಲಿನಿಂದ ಕೋನೋಡಾಂಟುಗಳನ್ನು ತೆಗೆದು, ಈ ಪದರಗಳು ನಡುವಣ ಡೆವೋನಿಯನ್ನಿನ ಜಿವೇಶಿಯನ್ ಹಂತದಿಂದ ಕಲ್ಲಿದ್ದಲಿನ ಯುಗದ ಮೊದಲ ಹಂತದವರೆಗೆ ಬೆಳೆದವೆಂದು ತೋರಿಸಿದರು. ಆ ಸಂಗಡಿಗರಲ್ಲಿ ಜಾನ್ ಟ್ಯಾಲೆಂಟರೂ ಒಬ್ಬರು. ಮೋಸವನ್ನು ಬಯಲಿಗೆಳೆದವರು ಮನೆಗೆ ಹೋಗಿ ಕುಳಿತುಕೊಳ್ಳದೆ ಅದೇ ಹಿಮಾಲಯದ ಕೆಲಸಕ್ಕೆ ಕೈಕೊಟ್ಟರೆಂಬುದನ್ನು ಓದಿದಾಗ ಮನಸ್ಸಿಗೆ ಸಮಾಧಾನವಾಯಿತು. ಡೆವನ್ನಿನಲ್ಲಿ ಜಗಳಕ್ಕೆ ಕಾರಣವಾದ ಅದೇ ಗಡಿ ಸ್ಪಿತಿಯ ಲಿಪಾಕ್ ಪದರಗಳ ಒಳಗೆ ಹಾದುಹೋಗಿದೆ.

ನಮ್ಮ ಶಾಲೆಯ ವಿಜ್ಞಾನದ ಕಪಾಟಿನಲ್ಲಿ ಆ ಹುಡುಗನು ತಂದ ಫರಸಿಯ ತುಣುಕು ಈಗಲೂ ಇದೆ. “ಪ್ರಾಚೀನ ಸಸ್ಯ” ಎಂದು ನಾನು ಬರೆದಿದ್ದ ಚೀಟಿಯನ್ನು ತೆಗೆಯಲಿಲ್ಲ, ಅದರ ಮೇಲೆ ಗೀಟು ಎಳೆದು, ಕೆಳಗೆ “ಮ್ಯಾಂಗನೀಸಿನ ಕಲೆ, ಶಾಲೆಯ ಪಡಸಾಲೆಯ ಒಡೆದ ಫರಸಿ, ಶಹಾಬಾದದ ಕಲ್ಲು” ಎಂದು ಬರೆದು ತಾರೀಖು ಹಾಕಿ ಇಟ್ಟಿದ್ದೇನೆ.